ನಾನು ಬಣ್ಣ ಹಾಕಿದ ಬೆಲ್ಟು

ನಮ್ಮ ಕರಾಟೆ ಮೇಷ್ಟ್ರ ಸೊಂಟದಲ್ಲಿದ್ದದ್ದು ಕಪ್ಪು ಬೆಲ್ಟು ಎಂದರೆ ಯಾರೂ ನಂಬುತ್ತಿರಲಿಲ್ಲ. ಮೇಲಿನ ಬಟ್ಟೆ ಸವೆದು ಒಳಗಿನ ಬಿಳಿ ನೂಲೆಲ್ಲ ಹೊರಬಂದು, ತುದಿಗಳು ಮುದಿ ಹೋತದ ಗಡ್ಡದಂತೆ ಜೋತಾಡುತ್ತಿದ್ದವು. ಅದಕ್ಕೆ ನಾನು ಬಣ್ಣ ಹಾಕಿಬಿಟ್ಟೆ. ನನ್ನ ಇಪ್ಪತ್ತೆರಡು ವರ್ಷದ ಪೆದ್ದುತನಗಳಲ್ಲಿ ಇದಕ್ಕೇ ಮೊದಲ ಬಹುಮಾನ.

ಮೇಷ್ಟ್ರು ಪಾವಗಡ ಬಸ್ಸಿನ ಕಂಡಕ್ಟರು. ಬೆಳಿಗ್ಗೆ ಮಧುಗಿರಿ ಬೆಟ್ಟದ ಬುಡದ ಬಯಲಲ್ಲಿ ನಮಗೆ ಕ್ಲಾಸು. ‘ರೈಟ್’ ಎಂದರೆ ಶುರು, ಸೀಟಿ ಊದಿದರೆ ನಿಲ್ಲಬೇಕು. ಬೇರೆ ಕ್ಲಾಸಿನವರು ಮೂರು ತಿಂಗಳಿಗೊಂದು ಬಣ್ಣ ಬದಲಿಸುತ್ತಿದ್ದರೆ, ನಾನು ಕಪ್ಪಿಗೆ ಮುಂಚಿನ ಕಂದು ಬೆಲ್ಟಿನ ಮೂರು ಮೆಟ್ಟಿಲಲ್ಲೇ ನಾಲ್ಕು ವರ್ಷ ಕೂತಿದ್ದೆ. ಕಪ್ಪು ಯಾವಾಗ ಎಂದು ಕೇಳಿದರೆ, “ನಮ್ದು ಎಕ್ಸ್‌ಪ್ರೆಸ್ ಅಲ್ಲ ಕಣ್ಲಾ, ಕರಾಟೆ ಹುಟ್ಟಿದ ಒಕಿನಾವಾದ ಹಳೇ ಗಾಡಿ. ಎಲ್ಲಾ ಸ್ಟಾಪ್ನಾಗೂ ನಿಲ್ತೈತೆ,” ಎನ್ನುತ್ತಿದ್ದರು.

ಅವರನ್ನು ಮೆಚ್ಚಿಸಿದರೆ ಒಂದು ಸ್ಟಾಪಾದರೂ ಹಾರೀತು ಎಂದುಕೊಂಡೆ. ಡ್ಯೂಟಿಗೆ ಹೋಗುವಾಗ ಅವರು ನಮ್ಮ ಮನೆಯಲ್ಲಿಡುತ್ತಿದ್ದ ಚೀಲದಿಂದ ಬೆಲ್ಟು ತೆಗೆದು, ಸ್ನಾನದ ಹಂಡೆಯಲ್ಲೇ ಕರಿ ಬಣ್ಣ ಕದಡಿ ಅದ್ದಿದೆ. ಆ ವಾರ ನಮ್ಮಪ್ಪನ ನರೆತ ತಲೆ ಬರೀ ಸ್ನಾನಕ್ಕೇ ಕಪ್ಪಾಯಿತು.

ಮರುದಿನ ಮೇಷ್ಟ್ರು ಬೆವೆತರು. ಬಿಳಿ ಉಡುಪಿನ ಮೇಲೆ ಕರಿ ನೀರು ಇಳಿಯಿತು. ಹುಡುಗರೆಲ್ಲ ನಕ್ಕರು. ಅವರು ನಗಲಿಲ್ಲ, ಬೈಯಲೂ ಇಲ್ಲ. ಬೆಲ್ಟು ಬಿಚ್ಚಿ ಕೈಯಲ್ಲಿ ಹಿಡಿದು, “ಎಲ್ರೂ ಬಿಳೀಲೇ ಶುರು ಮಾಡೋದು ಕಣ್ಲಾ. ಕರೀದು ಕಟ್ಕಂಡು ಇಪ್ಪತ್ತು ವರ್ಸ ಬೆವ್ರು ಸುರ್ಸಿದ್ರೆ ಅದೇ ತಿರ್ಗಾ ಬಿಳಿ ಆಗ್ತೈತೆ. ಒಂದೇ ದಿನ್ದಾಗೆ ಅಳಿಸ್ಬುಟ್ಯಲ್ಲೋ,” ಎಂದರು.

ಅಂದಿನಿಂದ ಅವರು ಸೊಂಟಕ್ಕೆ ಏನೂ ಕಟ್ಟದೆ ಕಲಿಸಿದರು. ಹೊಸದು ತಂದುಕೊಟ್ಟರೂ ಬೇಡವೆಂದರು. ನನ್ನ ಕಪ್ಪು ಬೆಲ್ಟಿನ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕ್ಷಮೆ ಕೇಳಲು ಎರಡು ಸಲ ಅವರ ಮನೆ ಗೇಟಿನವರೆಗೆ ಹೋಗಿ, ನಾಯಿ ಇರಬಹುದು ಎಂದು ನನಗೆ ನಾನೇ ನೆಪ ಹೇಳಿಕೊಂಡು ವಾಪಸಾದೆ. ಅವರ ಮನೆಯಲ್ಲಿ ನಾಯಿ ಇರಲೇ ಇಲ್ಲ.

ಒಂದು ಮಧ್ಯಾಹ್ನ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ, ಜನ ಹತ್ತಿ ಕೂತಿದ್ದಾಗ, ‘ರೈಟ್’ ಎನ್ನುವ ಮೊದಲೇ ಅವರು ಕುಸಿದರಂತೆ. ಆಸ್ಪತ್ರೆ ತಲುಪಲಿಲ್ಲ.

ತಿಥಿಯ ದಿನ ಅವರ ಮನೆಯಲ್ಲಿ ತಲೆ ತಗ್ಗಿಸಿಕೊಂಡು ಎಂಜಲೆಲೆ ಎತ್ತುತ್ತಿದ್ದೆ. ಮೇಷ್ಟ್ರ ಹೆಂಡತಿ ಒಳಗಿಂದ ಆ ಚೀಲ ತಂದು ನನ್ನ ಕೈಗಿಟ್ಟರು. ಒಳಗೆ ಬೆಲ್ಟು ಮಡಿಸಿಟ್ಟಿತ್ತು.

“ಯುಗಾದಿಗೆ ನಿಂಗೆ ಕಟ್ಬೇಕು ಅಂತ ಎತ್ತಿಟ್ಟಿದ್ರು ಕಣಪ್ಪ. ಹುಡುಗ್ನಿಗೆ ಹೊಸದು ಕೊಡ್ಸಬಾರ್ದಾ ಅಂದೆ. ‘ಅವ್ನೇ ಕರಿ ಮಾಡವ್ನೆ, ಅವ್ನೇ ಬಿಳಿ ಮಾಡ್ಲಿ ಬುಡು’ ಅಂದ್ರು.”