ಯಾದವಗಿರಿಯ ಐಸ್ ತೊಟ್ಟಿ

ನಮ್ಮ ಉದಯಗಿರಿಯ ಫ್ರಿಜ್ ಮೆಕ್ಯಾನಿಕ್ ಮಹದೇವುವಿನಂಥ ಪುಕ್ಕಲನನ್ನು ಈ ಐವತ್ತೆಂಟು ವರ್ಷದಲ್ಲಿ ನಾನು ಕಂಡಿಲ್ಲ. ಸ್ವಿಚ್ ಆಫ್ ಮಾಡುತ್ತಾನೆ, ಪ್ಲಗ್ ಕೀಳುತ್ತಾನೆ, ಕಿತ್ತ ಪ್ಲಗ್ಗನ್ನು ಕಣ್ಣೆದುರಿಗೇ ಇಟ್ಟುಕೊಳ್ಳುತ್ತಾನೆ, ಆಮೇಲೂ ಟೆಸ್ಟರ್ ಇಟ್ಟು ನೋಡುತ್ತಾನೆ. ಅಷ್ಟಾದರೂ ನಂಬಿಕೆಯಿಲ್ಲದೆ ಹಿಂಗೈಯಿಂದ ಒಮ್ಮೆ ಸವರಿಯೇ ಕೆಲಸಕ್ಕೆ ಕೂರುವುದು. ಅವನ ಅಂಗಡಿಯಿಂದ ಎರಡು ಬಾಗಿಲು ಆಚೆಗೆ ನನ್ನ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. "ಏನಪ್ಪಾ ಮಹದೇವು, ಫ್ರಿಜ್ಜಿಗೆ ಮಂಗಳಾರತಿ ಆಯ್ತಾ?" ಎಂದು ದಿನಾ ರೇಗಿಸುತ್ತಿದ್ದೆ. ಅವನು ನಕ್ಕು ಕೆಲಸ ಮುಂದುವರಿಸುತ್ತಿದ್ದ.

ಅವನ ಭಯಕ್ಕೆ ಕಾರಣವಿತ್ತು. ವರುಣದ ಕಡೆಯ ಒಕ್ಕಲು ಮನೆತನದ ಹುಡುಗ ಎಸ್ಸೆಸ್ಸೆಲ್ಸಿ ಫೇಲಾಗಿ ಮೈಸೂರಿಗೆ ಬಂದು ಮೊದಲು ಸೇರಿದ್ದು ಒಂದು ಐಸ್ ಕಾರ್ಖಾನೆಗೆ. ಅಲ್ಲಿ ಒದ್ದೆ ನೆಲದ ಮೇಲೆ ನಿಂತು ಮೋಟಾರು ಮುಟ್ಟಿದ ಒಬ್ಬನು ಹಾಗೇ ಅಂಟಿಕೊಂಡದ್ದನ್ನು ಅವನು ಕಣ್ಣಾರೆ ನೋಡಿದ್ದ. ಬಿಡಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. "ಕರೆಂಟು, ನೀರು ಎರಡೂ ಒಂದೇ ಕಡೆ ಇದ್ರೆ ನನ್ ಕಾಲು ತಣ್ಣಗಾಯ್ತವೆ ಅಣ್ಣ" ಎನ್ನುತ್ತಿದ್ದ. ಇಪ್ಪತ್ತೇಳು ವರ್ಷದಲ್ಲಿ ಅವನು ರಿಪೇರಿ ಮಾಡಿದ ಯಾವ ಮನೆಯಲ್ಲೂ ಯಾರಿಗೂ ಒಂದು ಸಣ್ಣ ಶಾಕ್ ಸಹ ಹೊಡೆದಿರಲಿಲ್ಲ.

ಇಂಥವನ ಪಾಲಿಗೆ ಬಂದ ಗಿರಾಕಿ ಯಾದವಗಿರಿಯ ಹೇಮಶ್ರೀ ಮೇಡಂ. ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುವವರು, ಮಂಡಿನೋವು. ಐಸ್ ನೀರಿನಲ್ಲಿ ದಿನಾ ಮೂರು ನಿಮಿಷ ಕೂತರೆ ನೋವು ಇಳಿಯುತ್ತದೆಂದು ಯಾರೋ ಹೇಳಿದ್ದರು. ಇದಕ್ಕೆಂದೇ ಮಾಡಿದ ತೊಟ್ಟಿಗಳು ಲಕ್ಷಗಟ್ಟಲೆ ಬೆಲೆಯವಂತೆ. ಅವರು ಐಸ್‌ಕ್ರೀಮ್ ಅಂಗಡಿಯವರು ಇಡುವಂಥ ಉದ್ದನೆಯ ಹಳೇ ಫ್ರೀಜರ್ ಒಂದನ್ನು ತಂದು ಹಿತ್ತಲ ಕಟ್ಟೆಯ ಮೇಲೆ ಮಲಗಿಸಿ, ಇದನ್ನೇ ತೊಟ್ಟಿ ಮಾಡಿಕೊಡಿ ಎಂದರು. ಮಹದೇವು ಒಳಗಿನ ಸಂದುಗಳಿಗೆಲ್ಲ ನೀರು ಸೋರದಂತೆ ಸೀಲೆಂಟ್ ಅಂಟು ತುಂಬಿ ನೀರು ಬಿಟ್ಟ. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಬ್ರೇಕರ್ ಒಂದನ್ನು ನನ್ನ ಅಂಗಡಿಯಿಂದಲೇ ಒಯ್ದು ಹಾಕಿದ. "ಇಳಿಯೋಕೆ ಮುಂಚೆ ಪ್ಲಗ್ ಕೀಳಲೇಬೇಕು ಮೇಡಂ" ಎಂದು ಹತ್ತು ಸಲ ಹೇಳಿದ.

ತಿಂಗಳು ಚೆನ್ನಾಗಿ ನಡೆಯಿತು. ಸಂಜೆ ಐದಕ್ಕೆ ಅವರು ಇಳಿಯುವ ಹೊತ್ತಿಗೆ ಮೇಲೆ ತೆಳ್ಳಗೆ ಐಸಿನ ಹಪ್ಪಳ ಕಟ್ಟಿರುತ್ತಿತ್ತು. ಆಮೇಲೆ ಬ್ರೇಕರ್ ಬೀಳಲು ಶುರುವಾಯಿತು. ಒಂದು ದಿನ ಐಸು, ಮೂರು ದಿನ ಬರೀ ತಣ್ಣೀರು. ಮೇಡಂ ಫೋನ್ ಮಾಡುವುದು, ಇವನು ಓಡುವುದು. ಹೋದ ವರ್ಷ ದಸರಾ ವಾರದಲ್ಲಿ ಅವನು ನನ್ನ ಅಂಗಡಿಗೆ ಬಂದು ನಿಂತ.

"ಅಣ್ಣ, ಕರೆಂಟು ಎಲ್ಲೋ ಸೋರ್ತಾ ಅದೆ. ತೊಟ್ಟಿ ಖಾಲಿ ಮಾಡಿ ಮೂರು ದಿನ ಒಣಗಾಕಿ ನೋಡ್ಬೇಕು."

"ಮೂರು ದಿನ ಐಸಿಲ್ಲ ಅಂದ್ರೆ ಆಯಮ್ಮ ಬಿಡ್ತಾರಾ? ಬ್ರೇಕರೇ ಕೆಟ್ಟಿರುತ್ತೆ ಕಣೋ. ಕಿತ್ತಾಕಿ ಡೈರೆಕ್ಟ್ ಕೊಟ್ಬುಡು. ಹಬ್ಬ ಆದ್ಮೇಲೆ ಹೊಸದು ಹಾಕಿದ್ರಾಯ್ತು."

"ಭಯ ಆಯ್ತದಣ್ಣ."

"ನಿಂಗೆ ಭಯ ಆಗ್ದೇ ಇರೋದು ಯಾವ್ದೋ? ಸೀರೆ ಉಟ್ಕೊಂಡು ಮನೇಲಿ ಕೂತ್ಕೋ ಹೋಗು."

ಅಂಗಡಿಯಲ್ಲಿದ್ದ ನಾಲ್ಕು ಜನ ಗಿರಾಕಿಗಳು ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪಾಯಿತು. ಹೆದರುವವನನ್ನು ಗೇಲಿ ಮಾಡಿ ಹೆದರದಂತೆ ಮಾಡುವುದು ದೊಡ್ಡ ಉಪಕಾರ ಎಂದು ನಾನು ಆಗ ತಿಳಿದಿದ್ದೆ. ಮಹದೇವು ಅವತ್ತೇ ಸಂಜೆ ಹೋಗಿ ಬ್ರೇಕರ್ ಕಿತ್ತ, ಅದಕ್ಕೆ ಸೇರಿದ್ದ ಪ್ಲಗ್ಗನ್ನೂ ಕತ್ತರಿಸಿ ಲೈನನ್ನು ನೇರ ಬೋರ್ಡಿಗೆ ಕೊಟ್ಟ. ಪ್ಲಗ್ ಕೀಳುವ ಬದಲಿಗೆ ಒಂದು ಟೈಮರ್ ಕೂರಿಸಿದ. ಅದು ನಾಲ್ಕೂವರೆಯಿಂದ ಐದೂವರೆವರೆಗೆ ತಾನೇ ಆಫ್ ಆಗಿರುತ್ತದೆ, ಮೇಡಂ ಆರಾಮವಾಗಿ ಇಳಿಯಬಹುದು. ಮೂರು ದಿನ ಐಸು ಗಟ್ಟಿಯಾಗಿ ಕಟ್ಟಿತು. ಮೇಡಂ ಹೊಗಳಿ ಮೆಸೇಜು ಹಾಕಿದರು, ಅದನ್ನು ಅವನು ನನಗೂ ತೋರಿಸಿದ.

ನಾಲ್ಕನೆಯ ದಿನ ಆಯುಧಪೂಜೆ. ನನ್ನ ಅಂಗಡಿಯ ಪೂಜೆ ಮುಗಿಸಿ ನಾಲ್ಕೂವರೆಗೆ ಮಹದೇವುವಿನ ಅಂಗಡಿಗೆ ಹೋದೆ. ಅವನ ತಾಯಿ ಕೆಂಚಮ್ಮ ಬಾಳೆಲೆಯ ಮೇಲೆ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಟೆಸ್ಟರ್, ಗ್ಯಾಸಿನ ಮೀಟರು ಎಲ್ಲವನ್ನೂ ಸಾಲಾಗಿ ಜೋಡಿಸಿ ಒಂದೊಂದಕ್ಕೂ ಕುಂಕುಮ ಹಚ್ಚುತ್ತಿದ್ದರು. ಒಮ್ಮೆ ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದು, ಆಯಮ್ಮ ಅದರಲ್ಲಿ ಬಲು ಕಟ್ಟುನಿಟ್ಟು. ಕಿತ್ತು ತಂದಿದ್ದ ಬ್ರೇಕರೂ ಸಾಲಿನಲ್ಲಿತ್ತು.

"ಇದೇನ್ಲಾ ಇದು?"

"ಕರೆಂಟು ಸೋರಿದ್ರೆ ಕಟ್ ಮಾಡ್ತದೆ ಕಣವ್ವ."

"ಕೆಟ್ಟೋಗ್ಯದಾ?"

"ಇಲ್ಲ ಕಣವ್ವ. ಬೆಳಿಗ್ಗೆ ಒರೆಸಿ ಚೆಕ್ ಮಾಡ್ದೆ. ಸರ್ಯಾಗೇ ಅದೆ."

ಕೆಂಚಮ್ಮ ಅದರ ಗುಂಡಿಯ ಮೇಲೆ ಕುಂಕುಮ ಇಟ್ಟು, "ಸರ್ಯಾಗಿರೋದ ಯಾಕ್ಲಾ ಕಿತ್ಕಂಡ್ ಬಂದೆ?" ಎಂದರು.

ಮಹದೇವು ಆರತಿ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಬ್ರೇಕರನ್ನೇ ನೋಡಿದ. ಬ್ರೇಕರ್ ಸರಿಯಾಗಿದ್ದರೆ ಸೋರುತ್ತಿರುವುದು ನಿಜ. ಅವನು ನನ್ನ ಮುಖ ನೋಡಿದ, ನಾನು ಗೋಡೆಯ ಮೇಲಿದ್ದ ಸ್ವಾಮಿಗಳ ಫೋಟೋ ನೋಡಿದೆ. "ಟೈಮರ್ ಇದೆಯಲ್ಲೋ, ಆಫ್ ಆಗಿರುತ್ತೆ" ಎಂದೆ. ಅವನು ತಟ್ಟೆ ಕೆಳಗಿಟ್ಟು ಮೊಬೈಲು ತೆಗೆದು ನನ್ನ ಮುಂದೆ ಹಿಡಿದ. ಮೂರು ಗಂಟೆಗೆ ಮೇಡಂ ಹಾಕಿದ್ದ ಮೆಸೇಜು: ಮಧ್ಯಾಹ್ನ ಒಂದೂವರೆ ಗಂಟೆ ಹೊತ್ತು ಕರೆಂಟ್ ಇರಲಿಲ್ಲ, ಐದಕ್ಕೆ ಐಸ್ ಇರುತ್ತಾ? ಕೆಳಗೆ ಇವನ ಉತ್ತರ: ಇರುತ್ತೆ ಮೇಡಂ.

ಆ ಟೈಮರ್ ನಾನೇ ಮಾರಿದ್ದು. ಅಗ್ಗದ ಮಾಲು, ಕರೆಂಟು ಹೋದರೆ ಅದರ ಗಡಿಯಾರವೂ ನಿಲ್ಲುತ್ತದೆ. ಅಂದರೆ ಅದೀಗ ಒಂದೂವರೆ ಗಂಟೆ ಹಿಂದಿದೆ. ಐದು ಗಂಟೆಗೆ ಅದರ ಲೆಕ್ಕದಲ್ಲಿ ಇನ್ನೂ ಮೂರೂವರೆ. ಫ್ರೀಜರಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ.

ಅವನು ಫೋನ್ ಮಾಡಿದ. ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಮತ್ತೆ ಮಾಡಿದ. ಗಡಿಯಾರ ನೋಡಿದೆ, ಐದಕ್ಕೆ ಇನ್ನು ಹತ್ತೇ ನಿಮಿಷ. ಅವನು ಬಾಳೆಲೆಗೆ ಕೈ ಹಾಕಿ ಟೆಸ್ಟರನ್ನೂ ಬ್ರೇಕರನ್ನೂ ಎತ್ತಿಕೊಂಡ.

"ಮುಟ್ಬೇಡ ಕಣ್ಲಾ! ಪೂಜೆ ಆಗಿಲ್ಲ!" ಎಂದು ಕೆಂಚಮ್ಮ ಕೂಗಿದರು.

"ಆಯಮ್ಮ ಸತ್ತೋಯ್ತಾರೆ ಕಣವ್ವ" ಎಂದು ಅವನೂ ಕೂಗಿದ. ಇಪ್ಪತ್ತೇಳು ವರ್ಷದಲ್ಲಿ ಅವನು ದನಿಯೆತ್ತಿದ್ದನ್ನು ನಾನು ಮೊದಲ ಸಲ ಕೇಳಿದೆ.

ನನ್ನ ಸ್ಕೂಟರಿಗೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಹಾಗೇ ಅವನನ್ನು ಹತ್ತಿಸಿಕೊಂಡು ಹೊರಟೆ. ಹಬ್ಬದ ಜನ, ಪೊಲೀಸರು ಅಡ್ಡ ಇಟ್ಟ ಬ್ಯಾರಿಕೇಡು, ಅಲಂಕಾರ ಮಾಡಿಕೊಂಡು ಮೆರೆಯುವ ಲಾರಿಗಳು. ಹಿಂದೆ ಕೂತವನು ಒಂದೇ ಸಮನೆ ಫೋನ್ ಮಾಡುತ್ತಿದ್ದ. ಬಂಬೂಬಜಾರಿನ ಹತ್ತಿರ "ಬೇಗ ಅಣ್ಣ, ನೀರು ಅಣ್ಣ, ನೀರು" ಎಂದು ಅಳತೊಡಗಿದ. ನಾನು ಒನ್‌ವೇನಲ್ಲಿ ಎದುರಿಗೇ ನುಗ್ಗಿಸಿದೆ. ನನಗೂ ಅಷ್ಟೇ ಭಯವಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಯಾದವಗಿರಿಯ ಆ ರಸ್ತೆ ನಿಶ್ಶಬ್ದವಾಗಿತ್ತು. ಐದು ದಾಟಿ ಎಂಟು ನಿಮಿಷ. ಗೇಟಿಗೆ ಒಳಗಿನಿಂದ ಚಿಲಕ. ಮಹದೇವು ಕಾಂಪೌಂಡ್ ಹಾರಿ ಹಿತ್ತಲಿಗೆ ಓಡಿದ, ನಾನು ಹೇಗೋ ಚಿಲಕ ತೆಗೆದು ಹಿಂದೆ ಓಡಿದೆ. ತೊಟ್ಟಿಯ ಮುಚ್ಚಳ ತೆರೆದಿತ್ತು. ಕಟ್ಟೆಯ ಮೇಲೆ ಟವೆಲ್ಲು, ಚಪ್ಪಲಿ. ಹೇಮಶ್ರೀ ಮೇಡಂ ಕಾಣಲಿಲ್ಲ. ಅವನು ತೊಟ್ಟಿಯ ಒಳಕ್ಕೆ ಬಗ್ಗಿ ನೋಡಲಾರದೆ ದೂರದಲ್ಲೇ ನಿಂತುಬಿಟ್ಟ. ನಾನೂ ನಿಂತೆ.

"ಏನ್ರೀ ಮಹದೇವು, ಐಸ್ ಇರುತ್ತೆ ಅಂತ ಸುಳ್ಳು ಹೇಳಿದ್ರಲ್ಲ?"

ಅಡುಗೆಮನೆಯ ಬಾಗಿಲಲ್ಲಿ ಅವರು ನಿಂತಿದ್ದರು, ಎರಡೂ ಕೈಯಲ್ಲಿ ಐಸ್ ಟ್ರೇ. ಮಧ್ಯಾಹ್ನ ಕರೆಂಟು ಹೋಗಿ ಹಪ್ಪಳ ಕಟ್ಟಿರಲಿಲ್ಲ. ಮನೆಯ ಫ್ರಿಜ್ಜಿನಿಂದ ಐಸು ಬಿಡಿಸಿ ತರಲು ಒಳಗೆ ಹೋಗಿದ್ದರು, ಫೋನು ಮಹಡಿಯಲ್ಲಿತ್ತು. ಮಹದೇವು ಎರಡೂ ಕೈ ಅಡ್ಡ ಹಿಡಿದು ತೊಟ್ಟಿಗೆ ಬೆನ್ನು ಮಾಡಿ ನಿಂತ. "ಅಲ್ಲೇ ನಿಂತ್ಕಳಿ ಮೇಡಂ" ಎಂದು, ತಿರುಗಿ ಕುಂಕುಮ ಮೆತ್ತಿದ ಟೆಸ್ಟರಿನ ತುದಿಯನ್ನು ನೀರಿಗೆ ತಾಗಿಸಿದ. ಟೆಸ್ಟರಿನೊಳಗಿನ ಸಣ್ಣ ದೀಪ ಕೆಂಪಗೆ ಹತ್ತಿಕೊಂಡಿತು.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಟ್ರೇಗಳು ಕೈಜಾರಿ ಐಸು ಕಟ್ಟೆಯ ಮೇಲೆಲ್ಲ ಚೆಲ್ಲಿತು. ನಾನು ಹೋಗಿ ಮೇನ್ ಸ್ವಿಚ್ ಇಳಿಸಿದೆ. ಮಹದೇವು ನೆಲದಲ್ಲೇ ಕೂತು ಬ್ರೇಕರ್ ಕಿತ್ತದ್ದು, ಪ್ಲಗ್ ಕತ್ತರಿಸಿದ್ದು, ಟೈಮರು, ಒಂದನ್ನೂ ಬಿಡದೆ ಹೇಳಿಕೊಂಡ. ಅವರು ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತು ತಮ್ಮ ಪಾದಗಳನ್ನೇ ನೋಡುತ್ತಿದ್ದರು.

"ಮೂರು ದಿನದಿಂದ ಇದರಲ್ಲೇ ಇಳೀತಿದ್ನಲ್ಲ ನಾನು" ಎಂದರು. ಆಮೇಲೆ, "ನೀವು ಅಷ್ಟು ಭಯಸ್ಥರು. ಪ್ಲಗ್ ಕೀಳಿ ಕೀಳಿ ಅಂತ ಪ್ರಾಣ ತಿಂತಿದ್ರಿ. ಬ್ರೇಕರ್ ಕಿತ್ತಾಕು ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು.

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ತಲೆ ಎತ್ತಿದ್ದರೆ ನನ್ನ ಮುಖವೇ ಕಾಣುತ್ತಿತ್ತು.

"ಯಾರೂ ಇಲ್ಲ ಮೇಡಂ. ನಾನೇ ಮಾಡ್ದೆ" ಎಂದ.

ನಾನು ಬಾಯಿ ಬಿಡಲಿಲ್ಲ.

ಮಹದೇವು ಈಗಲೂ ಹಾಗೇ ಪ್ಲಗ್ ಕಿತ್ತು, ಟೆಸ್ಟರ್ ಇಟ್ಟು, ಹಿಂಗೈಯಿಂದ ಸವರಿ ಕೆಲಸಕ್ಕೆ ಕೂರುತ್ತಾನೆ. ಬೀದಿಯವರು ಈಗಲೂ ನಗುತ್ತಾರೆ. ನಾನು ನಗುವುದಿಲ್ಲ. ಅವತ್ತಿನ ಮಾತನ್ನು ಅವನು ಇದುವರೆಗೆ ಎತ್ತಿಲ್ಲ, ಎತ್ತುವುದೂ ಇಲ್ಲ. ಆದರೆ ಅವನು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದು ಕಂಡಾಗಲೆಲ್ಲ, ಅವತ್ತು ಯಾಕಣ್ಣ ಸುಮ್ಮನಿದ್ದೆ ಅಂತ ಇವತ್ತು ಕೇಳಿಬಿಡುತ್ತಾನೇನೋ ಎಂದು ನನ್ನ ಕಾಲು ತಣ್ಣಗಾಗುತ್ತದೆ.