ನಡುವೆ ಉಬ್ಬಿದ ಕೌದಿ

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಏಳುತ್ತದೆ. ಗಂಜಿಯದೂ ಅಲ್ಲ, ಸುಟ್ಟ ಬಟ್ಟೆಯದೂ ಅಲ್ಲ, ಎರಡರ ನಡುವಿನದು. ಮೊನ್ನೆ ಮಗಳ ಮಗುವಿಗೆಂದು ಹೊಲಿದ ಪುಟ್ಟ ಕೌದಿ ಅಂಚಿನುದ್ದಕ್ಕೂ ಅಲೆ ಅಲೆಯಾಗಿ ಎದ್ದು ನಿಂತಿತ್ತು. ನೆಲಕ್ಕೆ ಹಾಸಿದರೆ ಒಂದು ಮೂಲೆ ಕೂರುತ್ತದೆ, ಇನ್ನೊಂದು ಏಳುತ್ತದೆ. ಈ ವಯಸ್ಸಿನಲ್ಲಿ ಬಟ್ಟೆಯ ಜೊತೆಗೂ ಜಗಳವೇ ಎಂದು ಸಿಟ್ಟು ಬಂದು, ಮೇಲೊಂದು ಒದ್ದೆ ಟವೆಲ್ ಹಾಕಿ ಇಸ್ತ್ರಿ ಒತ್ತಿದೆ. ಹಬೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಹೋಯಿತು. ಸಾಗರದ ಎದುರುಮನೆ ಅಕ್ಕ...

ಆಗ ನಾನು ಮದುವೆಯಾಗಿ ಸಾಗರಕ್ಕೆ ಬಂದ ಹೊಸತು. ನಮ್ಮದು ಬಾಡಿಗೆ ಮನೆ. ಗಲ್ಲಿ ಎಷ್ಟು ಕಿರಿದೆಂದರೆ ಎದುರುಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮನೆಯಲ್ಲಿ ಸೀನು ಬರುತ್ತಿತ್ತು. ಅಕ್ಕ ಹೊಸನಗರದ ಕಡೆಯವಳು, ನನಗಿಂತ ಹತ್ತಾರು ವರ್ಷ ದೊಡ್ಡವಳು. ಮಕ್ಕಳಿರಲಿಲ್ಲ. ಅವಳ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಭಾವ ಕೊನೆಗಾರರು. ಸೀಸನ್ನಿನಲ್ಲಿ ಬೆಳಕು ಹರಿಯುವ ಮೊದಲೇ ಜೀಪು ಹತ್ತಿ ಕೆಳದಿ, ವರದಮೂಲದ ಕಡೆಯ ತೋಟಗಳಿಗೆ ಹೋಗಿ, ಅಡಿಕೆ ಮರ ಹತ್ತಿ ಗೊನೆ ಕೊಯ್ದು ಇಳಿಸುವ ಕೆಲಸ. ಒಂದು ಮರದ ತುದಿಯಲ್ಲಿ ಕೂತು ಮೈ ತೂಗಿ ಪಕ್ಕದ ಮರಕ್ಕೆ ದಾಟುವವರು ಅವರು.

ಅಷ್ಟು ಎತ್ತರದಲ್ಲಿ ಅಷ್ಟು ಹುಷಾರಾಗಿರುವ ಮನುಷ್ಯ ನೆಲದ ಮೇಲೆ ಮಲಗಿದರೆ ಮಾತ್ರ ಹಿಡಿತವೇ ಇರಲಿಲ್ಲ. ಇಡೀ ಹಾಸಿಗೆ ಹೊರಳಾಡಿ ಹೊದಿಕೆ ಒಂದು ಮೂಲೆಗೆ, ದಿಂಬು ಇನ್ನೊಂದು ಮೂಲೆಗೆ. ಪ್ರತಿದಿನ ಅಕ್ಕನ ಬೈಗುಳದಿಂದಲೇ ನಮ್ಮ ಗಲ್ಲಿಗೆ ಬೆಳಗಾಗುತ್ತಿತ್ತು. "ಮಲಗೋದಾ ಇದು, ಉಳುಮೆ ಮಾಡೋದಾ?" ಎಂದು ಕೌದಿ ಕೊಡವುತ್ತಾ ಕೂಗುವಳು. ಭಾವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಬಚ್ಚಲಿಗೆ ಹೋಗುವರು. ನಗು ತಡೆಯಲಾರದೆ ನಾನು ಒಳಗೆ ಓಡುತ್ತಿದ್ದೆ.

ಅಕ್ಕ ಕೈಹೊಲಿಗೆಯ ಕೌದಿ ಹಾಕುತ್ತಿದ್ದಳು. ಮಧ್ಯಾಹ್ನ ಜಗಲಿಯಲ್ಲಿ ಹಳೇ ಸೀರೆ, ಪಂಚೆ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹರವಿಕೊಂಡು ಕೂತರೆ ಅವಳ ಸೂಜಿ ನಿಲ್ಲುತ್ತಿರಲಿಲ್ಲ. ನನ್ನ ಬಳಿ ಹೊಲಿಗೆ ಮಿಷನ್ ಇತ್ತು, ಗಲ್ಲಿಯವರ ಬ್ಲೌಸು ಹೊಲಿದು ಕೊಡುತ್ತಿದ್ದೆ. ಅದನ್ನು ಕಂಡರೆ ಅವಳಿಗೆ ತಾತ್ಸಾರ. ಸುರುಸುರು ಹೊಲಿದದ್ದು ಸುರುಸುರು ಬಿಟ್ಟುಕೊಳ್ಳುತ್ತದೆ ಎನ್ನುವಳು. ಅವಳ ಕ್ರಮ ಅವಳ ತಾಯಿಯದು. ಮೊದಲು ನಾಲ್ಕೂ ಅಂಚು ಕಟ್ಟಿ, ಅಲ್ಲಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುವುದು. ಹಾಗೆ ಹೊಲಿಯುವಾಗ ಬಟ್ಟೆಯ ಸಡಿಲವೆಲ್ಲ ಸೂಜಿಯ ಮುಂದೆ ಸರಿದು ನಡುವಿಗೆ ಬಂದು ಸೇರುತ್ತದೆ. ಕೌದಿ ಮಧ್ಯದಲ್ಲಿ ದೋಸೆಯಂತೆ ಒಂದಿಷ್ಟು ಉಬ್ಬುತ್ತದೆ. ಹೊದ್ದುಕೊಳ್ಳುವ ಕೌದಿಗೆ ಅದು ಕುಂದಲ್ಲ, ಬೆಚ್ಚಗಿರಲು ಇನ್ನೂ ಒಳ್ಳೆಯದು. ಅವಳ ಮನೆಯಲ್ಲಿ ಯಾರೂ ಕೌದಿಯನ್ನು ಹಾಸಿಕೊಳ್ಳಲೆಂದು ಹೊಲಿದವರೇ ಇಲ್ಲ.

ಆ ವರ್ಷ ವರದಮೂಲದ ಹತ್ತಿರದ ಒಂದು ತೋಟದಲ್ಲಿ, ಭಾವ ದಾಟಲೆಂದು ಕೈ ಚಾಚಿ ಹಿಡಿದ ಮರ ತುದಿಯಲ್ಲಿ ಮುರಿಯಿತು. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ದೂರದ ದೊಡ್ಡಾಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು, ಇನ್ನು ಮಾಡುವುದೇನಿಲ್ಲ ಎನಿಸಿಕೊಂಡು ಆಂಬುಲೆನ್ಸಿನಲ್ಲಿ ಮನೆಗೆ ಬಂದರು. ಕಳಿಸುವಾಗ ಅಲ್ಲಿಯ ಸಿಸ್ಟರ್ ಒಬ್ಬರು ಅಕ್ಕನನ್ನು ಕೂರಿಸಿಕೊಂಡು ತಿಳಿಸಿ ಹೇಳಿದ್ದರಂತೆ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು. ಬೆನ್ನಡಿಯಲ್ಲಿ ಒಂದು ಮಡಿಕೆಯೂ ಇರಬಾರದು. ಮಡಿಕೆ ಒತ್ತಿದಲ್ಲಿ ಹುಣ್ಣಾಗುತ್ತದೆ, ಆದದ್ದು ಅವರಿಗೆ ಗೊತ್ತೂ ಆಗುವುದಿಲ್ಲ, ಅಂಥವರ ಜೀವ ತೆಗೆಯುವುದು ಬಿದ್ದ ಪೆಟ್ಟಲ್ಲ, ಆ ಹುಣ್ಣು.

ಅವತ್ತಿನಿಂದ ಅಕ್ಕನಿಗೆ ಲೋಕದಲ್ಲಿ ಉಳಿದದ್ದು ಒಂದೇ ಕೆಲಸ, ಭಾವನ ಬೆನ್ನು ಕಾಯುವುದು. ಮಂಚದ ಮೇಲೆ ಹಾಸಿಗೆ, ಅದರ ಮೇಲೆ ಆಸ್ಪತ್ರೆಯವರು ಹೇಳಿದ ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ಕಿನ ಮೇಲೆ ಹೊದಿಸಿದ ಬೆಡ್‌ಶೀಟು ಜಾರಿ ಜಾರಿ ಮುದ್ದೆಯಾಗುತ್ತಿತ್ತು. ಭಾರವಿರುವ, ಬೆವರು ಹೀರುವ, ಜಾರದೆ ಕೂರುವ ಬಟ್ಟೆ ಬೇಕು. ಅವಳು ಕೌದಿಯನ್ನೇ ಹೊಲಿದಳು, ಭಾವನ ಹಳೇ ಪಂಚೆಗಳನ್ನೆಲ್ಲ ಸೇರಿಸಿ. ಎಷ್ಟೋ ವರ್ಷದ ರೂಢಿಯಂತೆ ಅಂಚಿನಿಂದ ನಡುವಿಗೆ. ಹಾಸಿ ನೋಡಿದರೆ ಸರಿಯಾಗಿ ಅವರ ಸೊಂಟ ಬರುವಲ್ಲಿ ಉಬ್ಬು. ಕೈಯಿಂದ ಒತ್ತಿದರೆ ಆ ಉಬ್ಬು ಎರಡು ಮಡಿಕೆಯಾಗಿ ಮಲಗುತ್ತಿತ್ತು.

ಅದನ್ನು ನೆಟ್ಟಗೆ ಕೂರಿಸಲು ನಾವು ಪಟ್ಟ ಪಾಡು ಒಂದೆರಡಲ್ಲ. ಒದ್ದೆ ಮಾಡಿ ಅಂಗಳದಲ್ಲಿ ಹಾಸಿದೆವು, ಆಚೆ ತುದಿ ಅವಳು ಈಚೆ ತುದಿ ನಾನು ಎಳೆದು ಅಂಚಿಗೆಲ್ಲ ಕಲ್ಲು ಹೇರಿದೆವು. ಒದ್ದೆಯಿರುವಷ್ಟು ಹೊತ್ತು ಹಲಗೆಯಂತಿತ್ತು. ಒಣಗಿದ ಮೇಲೆ ಉಬ್ಬು ಇದ್ದಲ್ಲೇ ಎದ್ದಿತು, ಮೇಲಿಂದ ನಾವು ಎಳೆದ ಅಂಚು ಬೇರೆ ಅಲೆಯಾಯಿತು. ಆಮೇಲೆ ನನ್ನ ಇಸ್ತ್ರಿಪೆಟ್ಟಿಗೆ. ಒದ್ದೆ ಟವೆಲ್ ಹಾಕಿ ಒತ್ತಿದರೆ ಹಬೆಯಲ್ಲಿ ಅವಳ ಮುಖವೇ ಕಾಣುತ್ತಿರಲಿಲ್ಲ. ಆ ವಾಸನೆ ಗಲ್ಲಿಯ ತುದಿಯವರೆಗೂ ಹೋಗುತ್ತಿತ್ತು. ಬಿಸಿಯಿರುವಾಗ ಅಂಗೈ ಆಡಿಸಿ "ಕೂತಿತು ನೋಡು ತಂಗಿ" ಎಂದು ಹಿಗ್ಗುವಳು. ಭಾವನನ್ನು ಮಲಗಿಸಿದರೆ ಮೈಯ ಕಾವಿಗೆ, ಬೆವರಿಗೆ ಅದು ಮತ್ತೆ ತನ್ನ ಹಳೇ ಬುದ್ಧಿಗೇ ಬರುತ್ತಿತ್ತು.

ಹಾಗಾಗಿ ಅವಳ ಅಂಗೈ ಸದಾ ಅವರ ಬೆನ್ನಡಿಯಲ್ಲೇ. ಬಲಗೈ ತೂರಿಸಿ ನಡುವಿನಿಂದ ಅಂಚಿಗೆ ತೀಡುವುದು, ಮಗ್ಗುಲು ಬದಲಿಸಿದರೆ ಮತ್ತೆ ತೀಡುವುದು. ನಮ್ಮ ಜನ ಕಾಯಿಲೆಯವರನ್ನು ನೋಡಲು ಬಂದರೆ ಬ್ರೆಡ್ಡಿನ ಪೊಟ್ಟಣ ಕಿಟಕಿಯಲ್ಲಿಟ್ಟು ಸೀದಾ ಮಂಚದ ಅಂಚಿಗೇ ಕೂರುತ್ತಾರೆ. ಕೂತರೆ ಕೌದಿ ಎಳೆದುಕೊಳ್ಳುತ್ತದೆ. "ಅಲ್ಲಿ ಕೂರ್ಬೇಡಿ, ಏಳಿ" ಎಂದು ಅಕ್ಕ ಮುಖ ಮೂತಿ ನೋಡದೆ ಎಬ್ಬಿಸುತ್ತಿದ್ದಳು. ಗಂಡ ಬಿದ್ದ ಮೇಲೆ ಇವಳ ತಲೆ ಒಂದು ಸುತ್ತು ಸಡಿಲವಾಗಿದೆ ಎಂದು ಅವರೆಲ್ಲ ನಮ್ಮನೆ ಬಾಗಿಲಲ್ಲಿ ನಿಂತು ಮಾತಾಡಿಕೊಂಡರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಂದು ದಿನವಾದರೂ ಬಂದು ಭಾವನನ್ನು ಹೊರಳಿಸಲು ಕೈ ಕೊಟ್ಟವರಲ್ಲ.

ಭಾವ ಮಾತ್ರ ಮೊದಲಿನ ಹಾಗೇ ಇದ್ದರು, ಅಥವಾ ಹಾಗೆ ಕಾಣಿಸುತ್ತಿದ್ದರು. "ಈಗ ನಾನು ಎಷ್ಟ್ ಶಿಸ್ತಾಗಿ ಮಲಗ್ತೀನಿ ನೋಡು, ಇನ್ನೂ ಬೈತಾಳೆ" ಎಂದು ನನ್ನೆದುರು ದೂರು ಹೇಳಿದರು ಒಮ್ಮೆ. ನಾನು ನಕ್ಕೆ. ಅಕ್ಕ ನಗಲಿಲ್ಲ. ಹೊರಗೆ ಬಂದು ಜಗಲಿ ಕಂಬಕ್ಕೆ ಒರಗಿ ನಿಂತವಳು, "ಒಂದೇ ಒಂದ್ಸಲ ಅವ್ರೇ ಹೊರಳಿ ನಾ ಹಾಸಿದ್ದನ್ನ ಹಾಳು ಮಾಡ್ಲಿ ಮಾರಾಯ್ತಿ, ನಾ ಬೈಯಲ್ಲ" ಅಂದಳು.

ಕೊನೆಗೆ ಅವಳೇ ತೀರ್ಮಾನ ಮಾಡಿದಳು. ಹೊಲಿಗೆಯನ್ನೆಲ್ಲ ಬಿಚ್ಚಿ, ಈ ಸಲ ನಡುವಿನಿಂದ ಶುರು ಮಾಡಿ ಅಂಚಿಗೆ ಹೊಲಿಯುವುದು, ಸಡಿಲವನ್ನು ಹೊರಕ್ಕೆ ಓಡಿಸಿ ಅಂಚಿನಲ್ಲಿ ಉಳಿದದ್ದನ್ನು ಕತ್ತರಿಸಿ ಬಿಡುವುದು. ಉಪಾಯ ಸರಿಯಾಗೇ ಇತ್ತು. ಆದರೆ ಕೌದಿ ಅವಳ ತೊಡೆಯ ಮೇಲಿದ್ದಷ್ಟು ದಿನ ಭಾವನ ಬೆನ್ನಡಿಯಲ್ಲಿ ಬೇರೇನಾದರೂ ಬೇಕಲ್ಲ. "ಇದ್ದ ಹಾಗೇ ಇರ್ಲಿ ಬಿಡೆ, ನಂಗೇನು ಚುಚ್ಚತ್ತಾ?" ಎಂದರು ಭಾವ. ನಿಮಗೆ ಚುಚ್ಚುವುದಿಲ್ಲ ಎನ್ನುವುದೇ ನನ್ನ ಹೆದರಿಕೆ ಎಂದು ಅವಳು ಕೌದಿ ಎಳೆದುಕೊಂಡು, ಮೆತ್ತಗಿರಲೆಂದು ಹಳೆಯ ಹೊದಿಕೆಯೊಂದನ್ನು ಮಡಿಸಿ ಹಾಸಿ, ಮೇಲೆ ಬೆಡ್‌ಶೀಟು ಹೊದಿಸಿದಳು.

ಆ ದಿನಗಳಲ್ಲಿ ಅವಳು ಹೊಲಿದಂತೆ ಯಾರೂ ಹೊಲಿದದ್ದನ್ನು ನಾನು ನೋಡಿಲ್ಲ. ಮಂಚಕ್ಕೇ ಒರಗಿ ನೆಲದಲ್ಲಿ ಕೂತು, ಹೊಲಿಯುವುದು, ಏಳುವುದು, ಅವರ ಬೆನ್ನಡಿ ತೀಡುವುದು, ಮತ್ತೆ ಹೊಲಿಯುವುದು. ಅಡಿಗೆಯನ್ನು ನಾನೇ ಮಾಡಿ ಕೊಡುತ್ತಿದ್ದೆ. ತಟ್ಟೆ ಆರಿ ತಣ್ಣಗಾಗಿ ಹಾಗೇ ಇರುತ್ತಿತ್ತು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ್ದವು. ಈಗ ಯೋಚಿಸಿದರೆ, ಆ ಬೆರಳಿಗೆ ಮಡಿಕೆ ಗೊತ್ತಾಗುತ್ತಿತ್ತೋ ಇಲ್ಲವೋ...

ಕೌದಿ ಮುಗಿದ ಬೆಳಿಗ್ಗೆ ನನ್ನನ್ನು ಕೂಗಿದಳು. ದನಿಯಲ್ಲಿ ಎಷ್ಟೋ ದಿನದ ಮೇಲೆ ಉತ್ಸಾಹವಿತ್ತು. ನೆಲದ ಮೇಲೆ ಹಾಸಿದ್ದಳು. ಎಲ್ಲಿ ಅಂಗೈ ಆಡಿಸಿದರೂ ಒಂದು ಏಳಿಲ್ಲ, ಒಂದು ಬೀಳಿಲ್ಲ, ನಾಲ್ಕು ಮೂಲೆಯೂ ನೆಲಕ್ಕಂಟಿ ಕೂತಿದ್ದವು. ಮಂಚಕ್ಕೆ ಹಾಸಲೆಂದು ಇಬ್ಬರೂ ಸೇರಿ ಭಾವನನ್ನು ಮಗ್ಗುಲಿಗೆ ಹೊರಳಿಸಿದೆವು. ಹೆಗಲು ಹಿಡಿದವಳು ನಾನು, ಸೊಂಟ ಹಿಡಿದವಳು ಅವಳು. ಕೆಳಗಿನ ಹೊದಿಕೆ ಪ್ಲಾಸ್ಟಿಕ್ಕಿನ ಮೇಲೆ ಜಾರಿ ಬೆಡ್‌ಶೀಟಿನಡಿಯಲ್ಲೇ ಹುರಿಗಟ್ಟಿತ್ತು. ಮೇಲಿನಿಂದ ಎಷ್ಟು ತೀಡಿದರೂ ಅದು ಕೈಗೆ ಸಿಕ್ಕಿರಲಿಲ್ಲ. ಸೊಂಟದ ಕೆಳಗೆ, ಮೂಳೆಯ ಮೇಲೆ, ಅದೇ ಹುರಿಯ ಗುರುತು. ಕೆಂಪಲ್ಲ, ಆಗಲೇ ನೇರಳೆ ಬಣ್ಣ. ಅಕ್ಕ ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಬಣ್ಣ ಬದಲಾಗಲಿಲ್ಲ, ನಡುವೆ ಚರ್ಮ ತೇವವಾಗಿತ್ತು.

"ಎಂತ ಆಯ್ತೆ?" ಎಂದರು ಭಾವ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಎಂತ ಇಲ್ಲ" ಎಂದಳು ಅಕ್ಕ.

ಸಾಗರದ ಆಸ್ಪತ್ರೆಯಿಂದ ಬಂದು ಡ್ರೆಸ್ಸಿಂಗ್ ಮಾಡುವವರು ಮಾಡಿದರು. ಅದು ಆಳಕ್ಕೆ ಇಳಿಯಿತು. ಕೌದಿಯ ಮೇಲೆಯೇ ಮಲಗಿಸಿದ್ದೆವು, ಮಗ್ಗುಲಿಗೆ, ಹುಣ್ಣಿಗೆ ಒತ್ತದ ಹಾಗೆ. ಕೌದಿ ನೆಟ್ಟಗಿದ್ದುದರಿಂದ ಮತ್ತೊಂದು ಗಾಯ ಆಗಲಿಲ್ಲ. ಇದ್ದ ಒಂದೇ ಸಾಕಾಯಿತು. ಜ್ವರ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಎಷ್ಟೇ ಜೋಪಾನ ಮಾಡಿದರೂ ಇಂಥವರಿಗೆ ಒಂದಲ್ಲ ಒಂದು ದಿನ ಆಗುವುದೇ ಎಂದು ಡಾಕ್ಟರು ಹೇಳಿದರು. ಅಕ್ಕ ಆ ಮಾತನ್ನು ಕೇಳಿಸಿಕೊಂಡಳು, ನಂಬಲಿಲ್ಲ. ಅವಳ ತಪ್ಪು ಎಂದು ನಾನಂತೂ ಇವತ್ತಿಗೂ ಒಪ್ಪುವುದಿಲ್ಲ. ಅದನ್ನು ಅವಳಿಗೆ ಎಷ್ಟು ಸಲ ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ.

ಭಾವ ಹೋದದ್ದು ಒಂದು ಬೆಳಿಗ್ಗೆ, ಜೀಪುಗಳು ಕೊನೆಗಾರರನ್ನು ಹತ್ತಿಸಿಕೊಂಡು ಹೊರಡುವ ಹೊತ್ತಿಗೆ. ಮನೆ ತುಂಬ ಜನ. ಹಾಸಿಗೆಯಿಂದ ನೆಲಕ್ಕಿಳಿಸಬೇಕು. ಯಾರೋ ಚಾಪೆ ಎಂದರು. ಅಕ್ಕ ಮಂಚದಿಂದ ಆ ಕೌದಿಯನ್ನು ಮೆಲ್ಲಗೆ ಎಳೆದು ತೆಗೆದು, ನಡುಮನೆಯಲ್ಲಿ ಹಾಸಿ, ಮಂಡಿಯೂರಿ ಕೂತಳು. ನಡುವಿನಿಂದ ಅಂಚಿಗೆ ಅಂಗೈ ಆಡಿಸತೊಡಗಿದಳು. ಗಂಡಸರು ಭಾವನನ್ನು ಎತ್ತಿಕೊಂಡು ನಿಂತೇ ಇದ್ದರು. "ಸಾಕು ಬಾರೇ, ಇನ್ನೇನು ಅದು" ಎಂದು ಹಿರಿಯರೊಬ್ಬರು ಗದರಿದರು. ನನಗೆ ತಡೆಯಲಾಗಲಿಲ್ಲ. ಹೋಗಿ ಈಚೆ ತುದಿಯಲ್ಲಿ ಕೂತು, ಅಂಗಳದಲ್ಲಿ ಹಿಡಿಯುತ್ತಿದ್ದ ಹಾಗೇ ಎರಡು ಮೂಲೆ ಹಿಡಿದು ಎಳೆದೆ. ಅವಳು ಇನ್ನೊಮ್ಮೆ ಉದ್ದಕ್ಕೂ ತೀಡಿದಳು. ಆಮೇಲೆ ಎದ್ದು ಪಕ್ಕಕ್ಕೆ ಸರಿದು ಹೇಳಿದಳು:

"ಈಗ ಮಲಗ್ಸಿ."

ಕೌದಿ ಅವರ ಜೊತೆಗೇ ಹೋಯಿತು. ಅಕ್ಕನನ್ನು ಅವಳ ಅಣ್ಣ ಬಂದು ಹೊಸನಗರದ ಕಡೆಗೆ ಕರೆದುಕೊಂಡು ಹೋದರು. ಎಷ್ಟೋ ವರ್ಷದ ಮೇಲೆ ಒಮ್ಮೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ಅಲ್ಲಿ ಯಾವುದೋ ಹಾಸ್ಟೆಲಿನಲ್ಲಿ ಅಡಿಗೆಗೆ ಇದ್ದಳಂತೆ. ಕೂದಲು ಪೂರ್ತಿ ಬಿಳಿ. ಕೌದಿ ಹಾಕುತ್ತೀಯಾ ಅಕ್ಕ ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. "ಸೂಜಿ ಮುಟ್ಟಿಲ್ಲ" ಎಂದಳು. ಮಾತಾಡುತ್ತಾ ನನ್ನ ತೋಳಿನ ಮೇಲೆ ಸುಕ್ಕಾಗಿದ್ದ ಸೆರಗನ್ನು ತನಗೇ ಗೊತ್ತಿಲ್ಲದಂತೆ ತೀಡಿದಳು. ನನ್ನ ಬಸ್ಸು ಬಂತು. ಅದೇ ಕೊನೆ. ಹೋದ ವರ್ಷ ಅವಳೂ ಇಲ್ಲ ಎಂದು ಆ ಕಡೆಯವರು ಯಾರೋ ಹೇಳಿದರು. ಕೊನೆಗಾಲದಲ್ಲಿ ಮಲಗಿದ್ದಳೋ, ಅವಳ ಬೆನ್ನಡಿ ಯಾರು ನೋಡಿಕೊಂಡರೋ... ಕೇಳಲು ನನಗೆ ಧೈರ್ಯ ಬರಲಿಲ್ಲ.

ಇಸ್ತ್ರಿಪೆಟ್ಟಿಗೆ ಆರಿಸಿಟ್ಟೆ. ಮಗುವಿನ ಕೌದಿಯ ಹೊಲಿಗೆಯನ್ನೆಲ್ಲ ಬಿಚ್ಚಿ, ನಡುವಿನಿಂದ ಹೊರಕ್ಕೆ ಮತ್ತೆ ಹೊಲಿದು, ಅಂಚಿನಲ್ಲಿ ಉಳಿದದ್ದನ್ನು ಕತ್ತರಿಸಿದೆ. ಮೂರು ಮಧ್ಯಾಹ್ನ ಹಿಡಿಯಿತು. ಮಗಳು ನಗುತ್ತಿದ್ದಳು. "ಅಮ್ಮಾ, ಇದು ಒಂದ್ಕಡೆ ಮಲಗೋ ಮಗು ಅಲ್ಲ, ಅಲೆ ಇದ್ರೆ ಇರ್ಲಿ ಬಿಡು." ನೆಟ್ಟಗೆ ಕೂತ ಕೌದಿಯ ಮೇಲೆ ಮಗುವನ್ನು ಮಲಗಿಸಿದೆವು. ಅದು ಒಂದು ಗಳಿಗೆ ಸೂರು ನೋಡಿತು, ಆಮೇಲೆ ಕಾಲೆತ್ತಿ ಮಗ್ಗುಲಾಗಿ, ಮುಷ್ಟಿಯಲ್ಲಿ ಅಂಚು ಹಿಡಿದು ಎಳೆದು, ಬೋರಲು ಬಿತ್ತು. ಕೌದಿ ಮುದ್ದೆಯಾಯಿತು. ನನ್ನ ಅಂಗೈ ತಾನಾಗಿ ಹೋಗಿ ಮಡಿಕೆ ತೀಡಿತು. ಮಗು ಮತ್ತೆ ಹೊರಳಿತು, ಮತ್ತೆ ಹಾಳು ಮಾಡಿತು.

ಅಕ್ಕ ಕೇಳಿಕೊಂಡಿದ್ದು ಇಷ್ಟೇ ಆಗಿತ್ತು, ಅದೂ ಒಂದೇ ಒಂದು ಸಲ. ಮಗಳು ಕಾಣದ ಹಾಗೆ ಕಣ್ಣೊರೆಸಿಕೊಂಡೆ. ಮಗು ಹೊರಳಾಡುತ್ತಲೇ ಇತ್ತು. ನಾನು ಬೈಯಲಿಲ್ಲ.