ಸಿಡಿಯದ ಸ್ಟವ್

ಸಿಡಿದ ಸೀಮೆಎಣ್ಣೆ ಸ್ಟವ್ ಹೇಗಿರುತ್ತದೆಂದು ನೀವು ಎಂದಾದರೂ ಕಣ್ಣಾರೆ ಕಂಡಿದ್ದೀರಾ? ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವರು ಕಂಡಿದ್ದರು. ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಿಡದ ಮಸಿ ಇತ್ತು. ಕಂಡವರ ಮನೆಯ ಸ್ಟವ್ ತಿರುವಿ, ಬರ್ನರ್ ಅಲುಗಿಸಿ, ಬೆಸುಗೆ ತಡವಿ ನೋಡಿದ ಮಸಿ. ನಿಜವಾಗಿ ಸಿಡಿದ ಸ್ಟವ್ ಬಾಯಿಬಿಟ್ಟಿರುತ್ತದೆ. ಅಕ್ಕ ಹೋಗಿ ನೋಡಿದ ಹೆಚ್ಚಿನ ಮನೆಗಳಲ್ಲಿ ಸ್ಟವ್ ಇಡಿಯಾಗಿರುತ್ತಿತ್ತು, ಸೊಸೆ ಮಾತ್ರ ಸುಟ್ಟಿರುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಜಯನಗರದ ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆಯಲ್ಲಿ ಅವರು ಮಹಿಳೆಯರಿಗಾಗಿ ಸಹಾಯ ಕೇಂದ್ರ ನಡೆಸುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸ್ತ್ರೀಸಮಾನತೆಯ ಪರವಾಗಿ ಗೆದ್ದ ಧೈರ್ಯದಲ್ಲಿ ನಾನು ಅಲ್ಲಿ ಸೇರಿದೆ. ಅಕ್ಕ ನನ್ನ ಅಂಗೈಗೆ ಹುರಿಗಡಲೆ ಸುರಿದು, "ಭಾಷಣದಮ್ಮ, ಸಮಾಜ ಆಮೇಲೆ. ಮೊದ್ಲು ಅಡುಗೆಮನೆ ನೋಡು," ಎಂದರು.

ನಾನು ನೋಡಿದ ಮೊದಲ ಅಡುಗೆಮನೆ ಜರಗನಹಳ್ಳಿಯದು. ಆ ಮನೆಯ ಸೊಸೆ ಆಗ ಆಸ್ಪತ್ರೆಯಲ್ಲಿದ್ದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಏನ್ ಮಾಡೋದು ಮೇಡಂ, ಸ್ಟವ್ ಬರ್ಸ್ಟ್ ಆಗೋಯ್ತು. ನಮ್ ಹಣೆಬರಹ. ಕೂತ್ಕೊಳ್ಳಿ, ಬಂದೋರು ಬರೀ ಬಾಯಲ್ಲಿ ಹೋಗ್ಬಾರ್ದು."

ಒಳಗಿನಿಂದ ಪಂಪ್ ಒತ್ತುವ ಸದ್ದು, ಹಿಂದೆಯೇ ಉರಿಯ ಭೋರ್ಗರೆತ. ಕಾಫಿ ಬಂತು. ಅಕ್ಕ ಲೋಟವನ್ನು ಕೆಳಗಿಟ್ಟರು.

"ಯಾವ ಸ್ಟವ್ ಮೇಲೆ ಕಾಯ್ಸಿದ್ರಮ್ಮ?"

"ನಮ್ದೇ. ಇರೋದೇ ಒಂದು."

"ಅದು ಸಿಡೀತು ಅಂದ್ರಲ್ಲ?"

ಅತ್ತೆಯ ಸೆರಗು ಕಣ್ಣಿನ ಬಳಿಯೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಮಗ ನಕ್ಕ. "ಕಾಫಿ ಚೆನ್ನಾಗಿದ್ರೆ ಕುಡೀರಿ ಸ್ಟವ್ ಆಂಟಿ. ಇಲ್ಲಾಂದ್ರೆ ಎದ್ದೋಗ್ತಾ ಇರಿ."

ನಾವು ಆಸ್ಪತ್ರೆಗೆ ಓಡಿದೆವು. ಅಷ್ಟರಲ್ಲಿ ಸೊಸೆ ಪೊಲೀಸರಿಗೆ ಹೇಳಿಕೆ ಕೊಟ್ಟಾಗಿತ್ತು: ಸ್ಟವ್ ಸಿಡಿಯಿತು. ಅಕ್ಕ ಬಾಗಿ, "ಯಾಕಮ್ಮ ಹಾಗಂದೆ?" ಎಂದು ಕೇಳಿದರು. ಸುಟ್ಟ ತುಟಿಗಳು ಕಷ್ಟಪಟ್ಟು ಅಲುಗಿದವು. "ಮಗು ಅವ್ರತ್ರ ಇದೆಯಲ್ಲಕ್ಕ."

ಅವಳು ಸತ್ತಳು. ಸಾಯುವವಳ ಹೇಳಿಕೆಯ ಮುಂದೆ ಒಂದು ಲೋಟ ಕಾಫಿ ಯಾವ ಸಾಕ್ಷಿ? ಪ್ರಕರಣ ಮುಚ್ಚಿಹೋಯಿತು. ಕೆಲವು ತಿಂಗಳ ಬಳಿಕ ಅವಳ ತಂದೆ ಕೇಂದ್ರದ ಮೆಟ್ಟಿಲು ಹತ್ತಿ ಬಂದರು. ದೂರು ಕೊಡಲು ಬಂದರೆಂದೇ ನಾನು ಭಾವಿಸಿದೆ.

"ಇನ್ನು ಆ ವಿಷ್ಯ ಕೆದಕ್ಬೇಡಿ ಮೇಡಂ. ಮಗೂಗೆ ತಾಯಿ ಬೇಕಲ್ಲ? ನಮ್ ಚಿಕ್ಕೋಳನ್ನ ಅದೇ ಮನೆಗೆ ಕೊಡ್ತಾ ಇದೀವಿ."

ಎಂಥ ತರ್ಕದಿಂದ ಈ ಮಾತನ್ನು ಖಂಡಿಸಲಿ? ಅಕ್ಕ ಆ ಹುಡುಗಿಯನ್ನೇ ಕಂಡು ಬೇಡಿಕೊಂಡರು. ಅವಳು ಸತ್ತುಹೋದ ತನ್ನ ಒಡಹುಟ್ಟಿದವಳ ಮಗುವಿನ ಹೆಸರನ್ನಷ್ಟೇ ಹೇಳಿದಳು. ಮದುವೆಗೆ ಕರೆಯದಿದ್ದರೂ ಅಕ್ಕ ಹೋದರು. ಅಕ್ಷತೆ ಹಾಕಿ, ನೆಂಟರೆಲ್ಲ ಕೇಳುವಂತೆ ಆ ಅತ್ತೆಗೆ ಹೇಳಿದರು: "ನಿಮ್ಮನೆ ಕಾಫಿ ಅವತ್ತು ಬಿಟ್ಟೋದೆ ನೋಡಿ, ಇನ್ಮೇಲೆ ತಿಂಗ್ಳು ತಿಂಗ್ಳು ಬರ್ತೀನಿ. ಈ ಹುಡುಗಿ ಕೈಯಿಂದ್ಲೇ ಕುಡೀತೀನಿ."

ಹೇಳಿದಂತೆಯೇ ಹೋದರು. ಬಾಗಿಲು ತೆರೆಯದಿದ್ದರೆ ಜಗಲಿಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದರು. ಒಮ್ಮೆ ಅವರ ಮೇಲೆ ಮುಸುರೆ ನೀರು ಬಿತ್ತು. ಸೀರೆ ಹಿಂಡಿಕೊಂಡು ಮತ್ತೆ ಅಲ್ಲೇ ಕೂತರು. ಚಿಕ್ಕವಳು ಲೋಟ ಹಿಡಿದು ಹೊರಗೆ ಬರುವವರೆಗೂ ಏಳುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರ ಅವರ ಹೃದಯ ಸೋತಿತು. "ಸುಟ್ಟ ವಾಸ್ನೆ ಜನ್ಮಕ್ಕಾಗೋವಷ್ಟು ಕುಡ್ದಿದೀನಿ. ನನ್ನ ಹೂಳಿ," ಎಂದು ಅವರು ಕೇಳಿಕೊಂಡಿದ್ದರು. "ನಮ್ಮಲ್ಲಿ ಪದ್ಧತಿ ಇಲ್ಲ," ಎಂದು ತಮ್ಮಂದಿರು ಬನಶಂಕರಿಯ ಚಿತಾಗಾರದಲ್ಲಿ ಅವರನ್ನು ಸುಟ್ಟರು. ಜರಗನಹಳ್ಳಿಯ ಚಿಕ್ಕವಳು ಮಗುವಿನ ಕೈಹಿಡಿದು ಬಂದಿದ್ದಳು. ಅಳಲಿಲ್ಲ. "ಇನ್ಮೇಲೆ ನಮ್ಮತ್ತೆ ಯಾರಿಗ್ ಹೆದರ್ತಾರೆ ಮೇಡಂ?" ಎಂದಳು.

ಈಗ ಆ ಜಗಲಿಗೆ ನಾನು ಹೋಗುತ್ತೇನೆ. ಆದರೆ ಅಂಥ ಮನೆ ಅದೊಂದೇ ಅಲ್ಲ. ಸ್ಟವ್ ಹೋಗಿ ಗ್ಯಾಸ್ ಬಂದಿದೆ. ಈಗ ಸೊಸೆಯಂದಿರು ಬಾತ್‌ರೂಮಿನಲ್ಲಿ ಜಾರಿ ಬೀಳುತ್ತಾರೆ. ನಿಮ್ಮ ಪಕ್ಕದ ಮನೆಯ ಸೊಸೆ ಕೆಲವು ದಿನ ಕಾಣದಿದ್ದರೆ, ದಯವಿಟ್ಟು ಹೋಗಿ ಬಾಗಿಲು ತಟ್ಟಿ. ಒಂದು ಲೋಟ ಕಾಫಿ ಕೇಳಿ. ಅವಳೇ ತಂದುಕೊಡುವವರೆಗೂ ಏಳಬೇಡಿ.